ಇಳಿಯಲು ಬಾರದವಳು

ನಲವತ್ತು ದಾಟಿದ ಮೇಲೆ ಸೈಕಲ್ ಕಲಿಯಲು ಹೊರಟವಳ ಮಾನ ಬೀದಿಪಾಲಾಗದೆ ಇರುತ್ತದೆಯೇ? ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆ ಬಸ್ಸೇ ಹೋಗದ ಕಡೆಗೆ ಎತ್ತಂಗಡಿಯಾಗಿತ್ತು, ಅವಳಿಗೆ ಬೇರೆ ದಾರಿಯಿರಲಿಲ್ಲ. ಮೊದಲ ದಿನ ಸ್ಟ್ಯಾಂಡ್ ತೆಗೆಯದೆಯೇ ಹತ್ತಿ ಕೂತು, ಬೆವರಿಳಿಯುವಂತೆ ಪೆಡಲ್ ತುಳಿದು, "ಇದೇನು, ಮುಂದಕ್ಕೇ ಹೋಗಲ್ವಲ್ಲ" ಎಂದಳು. ಬ್ರೇಕ್ ಹಿಡಿಯಬೇಕಾದಲ್ಲಿ ಬೆಲ್ ಬಾರಿಸಿದಳು. ಗುದ್ದಬಾರದು, ಗುದ್ದಬಾರದು ಎಂದು ದೀಪದ ಕಂಬವನ್ನೇ ನೋಡುತ್ತ ಹೋಗಿ ನೆಟ್ಟಗೆ ಅದಕ್ಕೇ ಗುದ್ದಿದಳು. ಗುದ್ದಿದ್ದಲ್ಲದೆ ಕಂಬಕ್ಕೆ ಕ್ಷಮೆಯನ್ನೂ ಕೇಳಿದಳು. ಒಬ್ಬರ ಮುಖ ಒಬ್ಬರು ನೋಡದ ಎದುರುಮನೆಯ ಅತ್ತೆ ಸೊಸೆ ಅವತ್ತು ಒಟ್ಟಿಗೆ ನಿಂತು ನಕ್ಕರು.

ಬರಬರುತ್ತ ಓಡಿಸುವುದು ಬಂತು. ಇಳಿಯುವುದು ಮಾತ್ರ ಬರಲಿಲ್ಲ. ಬೆಳಿಗ್ಗೆ ಮನೆಯ ಮೆಟ್ಟಿಲಿಗೆ ಕಾಲು ಕೊಟ್ಟು ಹೇಗೋ ಹೊರಟುಬಿಡುತ್ತಿದ್ದಳು. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಹಿಡಿದು ನಿಲ್ಲಿಸುತ್ತಿದ್ದ. ಸಂಜೆ ಬೀದಿಯ ತಿರುವಿನಿಂದಲೇ ಬೆಲ್ ಬಾರಿಸುತ್ತ, "ರೀ, ಬಂದೆ! ಹಿಡ್ಕೊಳ್ರೀ!" ಎಂದು ಕೂಗಿಕೊಂಡು ಬರುತ್ತಿದ್ದಳು. ಗಂಡ ಹೊರಗೆ ಬಂದು ಎರಡೂ ಕೈಯಿಂದ ಹ್ಯಾಂಡಲ್ ಹಿಡಿಯುತ್ತಿದ್ದ.

ಆ ಗಂಡನ ಶ್ವಾಸಕೋಶವನ್ನು ಬೀರುಗಳಿಗೆ ಬಣ್ಣ ಸಿಂಪಡಿಸುವ ಕೆಲಸ ತಿಂದುಹಾಕಿತ್ತು. ವೈದ್ಯರು ಕೈಚೆಲ್ಲಿದ್ದರು. ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಊಟಕ್ಕೆ ಏಳಲೊಲ್ಲ, ಔಷಧಿಗೂ ಏಳಲೊಲ್ಲ. ಸಂಜೆಯ ಆ ಬೆಲ್ಲಿಗೆ ಮಾತ್ರ ಎದ್ದು, ಅಂಗಿ ತೊಟ್ಟು, ಗೋಡೆ ಹಿಡಿದುಕೊಂಡು ಬರುತ್ತಿದ್ದ.

"ನೀನು ಇಳಿಯೋದು ಕಲಿಯೋ ತನಕ ನಾನು ಸಾಯೋ ಹಾಗಿಲ್ಲ ಬಿಡು," ಎಂದ ಒಮ್ಮೆ, ಏದುಸಿರು ಬಿಡುತ್ತ. ತಮಾಷೆಗೆ ಅಂದದ್ದೇ. ಅವಳು ಮಾತ್ರ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಇತ್ತ ಕಾವಲುಗಾರನಿಗೆ ಸಾಕುಸಾಕಾಗಿತ್ತು. "ಅಕ್ಕಾ, ನನ್ನ ಸೊಂಟ ಏನು ನಿಮ್ಮ ಸೈಕಲ್ ಸ್ಟ್ಯಾಂಡಾ?" ಎಂದು ರೇಗಿ, ಊಟದ ಬಿಡುವಿನಲ್ಲಿ ಇಳಿಯುವುದನ್ನು ಕಲಿಸಿಯೇ ಬಿಟ್ಟ. ಬ್ರೇಕ್ ಹಿಡಿ, ಎಡಗಾಲು ಊರು, ಅಷ್ಟೆ. ಕಲಿತದ್ದಕ್ಕೆ ಅವಳಿಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಅಂದು ಸಂಜೆ ತಿರುವಿಗೆ ಬರುತ್ತಲೇ ಬೇಕೆಂದೇ ಹ್ಯಾಂಡಲ್ ಅಲ್ಲಾಡಿಸಿ, ಎಂದಿನಂತೆ ಕಿರುಚಿಕೊಂಡಳು. ಬೀದಿಯವರು ನಕ್ಕರು. ನಗಲಿ, ಅವಳಪ್ಪನ ಗಂಟೇನು ಹೋಗುತ್ತದೆ? ಗಂಡ ಎದ್ದು ಬಂದನಲ್ಲ. ಆಮೇಲೆ ದಿನಾ ಅದೇ ನಾಟಕ.

ಒಂದು ಸಂಜೆ ಅವನು ಬಂದೇನೋ ನಿಂತ, ಆದರೆ ನಿಂತಲ್ಲೇ ತೂರಾಡುತ್ತಿದ್ದ. ಕೈ ಮಾತ್ರ ಎಂದಿನಂತೆ ಚಾಚಿದ್ದ. ಸೈಕಲ್ ತಾಗಿದರೆ ಸಾಕು, ಬಿದ್ದುಹೋಗುತ್ತಾನೆ. ಯೋಚಿಸಲು ಪುರುಸೊತ್ತೆಲ್ಲಿ? ಅವಳ ಕೈ ಬ್ರೇಕ್ ಹಿಡಿಯಿತು, ಎಡಗಾಲು ನೆಲಕ್ಕೂರಿತು. ಸೈಕಲ್ ಅವನ ಅಂಗೈಗೆ ಗೇಣು ದೂರದಲ್ಲಿ ಅಚ್ಚುಕಟ್ಟಾಗಿ ನಿಂತಿತು.

ಅವನು ಅವಳ ಕಾಲನ್ನೇ ನೋಡಿದ.

"ಬಂತಲ್ಲೇ!" ಎಂದ. ಅವನ ಮುಖದಲ್ಲಿ ಎಂಥ ನೆಮ್ಮದಿ! ಅದನ್ನು ಕಂಡು ಅವಳು ನಿಂತ ಸೈಕಲ್ಲಿನ ಹ್ಯಾಂಡಲ್ ಅಲ್ಲಾಡಿಸಿದಳು.

"ಇಲ್ಲಾರೀ, ಇದೇನೋ ಅಪ್ಪಿತಪ್ಪಿ ಆಗಿದ್ದು. ನಂಗೆಲ್ಲಿ ಬರತ್ತೆ?"

ಅವನು ಕೇಳಿಸಿಕೊಳ್ಳದೆ ಒಳಗೆ ಹೋಗಿ ಮಲಗಿದ.

ಮರುದಿನ ಸಂಜೆ ತಿರುವಿನಿಂದಲೇ ಬೆಲ್ ಬಾರಿಸಿದಳು, ಗಂಟಲು ಹರಿಯುವಂತೆ ಕೂಗಿದಳು. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಅವಳು ಬ್ರೇಕ್ ಮುಟ್ಟದೆ ನೇರ ಮನೆಯ ಗೋಡೆಗೇ ಗುದ್ದಿ, ಸೈಕಲ್ ಸಮೇತ ಬಿದ್ದಳು. ಮೊಣಕಾಲಿನ ಚರ್ಮ ಕಿತ್ತುಬಂತು. ಎದುರುಮನೆಯ ಅತ್ತೆ ಸೊಸೆ ಈ ಸಲ ನಗಲಿಲ್ಲ. ಅವಳು ಬಾಗಿಲನ್ನೇ ನೋಡುತ್ತ ಬಿದ್ದಲ್ಲೇ ಕಾದಳು.

ಒಳಗಿನಿಂದ ಕೆಮ್ಮು ಕೇಳಿಸಿತು. ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು.

"ನಾಟಕ ಸಾಕು ಕಣೇ," ಎಂದ ಅವನು, ಮಲಗಿದಲ್ಲಿಂದಲೇ. "ನೀನೇ ಎದ್ದು ಬಾ."