ಗುತ್ತಿಗೆಯವರನ್ನು ಬಿಟ್ಟು

"ಇವನನ್ನ ಯಾರ್ರೀ ಒಳಗೆ ಬಿಟ್ಟಿದ್ದು? ನಾರ್ತಾ ಇದ್ದಾನೆ."

ಇಲಾಖೆಯ ಕಾರ್ಯದರ್ಶಿ ಮೂಗಿಗೆ ಕರವಸ್ತ್ರ ಹಿಡಿದರು. ಸಭಾಂಗಣದ ಗೋಡೆಗೆ ಒರಗಿ ಕೂತಿದ್ದ ಗಂಡನ ಬ್ಯಾಂಡೇಜು ಸುತ್ತಿದ ಕೈಯನ್ನು ಅವಳು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾವೇ ಕರೆಸಿದ್ದು ಸಾರ್," ಅಂದರು ವಿಜ್ಞಾನಿಗಳ ಸಂಘದ ಅಧ್ಯಕ್ಷರು. "ವಿಕಿರಣ ಹಾಯಿಸಿ ಪೈಪಿನ ಬೆಸುಗೆ ಪರೀಕ್ಷೆ ಮಾಡೋ ಕಡೆ ಗುತ್ತಿಗೆ ಆಳು. ಯಂತ್ರದಿಂದ ವಿಕಿರಣದ ಗುಳಿಗೆ ಜಾರಿ ಬಿದ್ದಿತ್ತು, ಬರಿಗೈಲಿ ಎತ್ತಿಬಿಟ್ಟ."

ಎತ್ತಿದ್ದಲ್ಲ, ಎತ್ತಿಸಿದ್ದು. "ಎತ್ತೋ ಬೋಳಿಮಗನೆ, ಮೆಣಸಿನಕಾಳಷ್ಟಿಲ್ಲ, ಅದಕ್ಕೂ ಉಚ್ಚೆ ಹೊಯ್ಕೊಳ್ತೀಯಲ್ಲೋ," ಅಂದಿದ್ದ ಮೇಸ್ತ್ರಿ ತಾನು ಮಾತ್ರ ಗೋಡೆಯ ಮರೆಗೆ ಸರಿದಿದ್ದ. ಮೊದಲು ಕೈ ಕೆಂಪಾಯಿತು, ಆಮೇಲೆ ಬೆರಳುಗಳು ಸುಟ್ಟ ಬದನೆಕಾಯಿಯಂತಾದವು. ಎರಡನ್ನು ಡಾಕ್ಟರು ಕತ್ತರಿಸಿದರು. ಕೆಲಸ ತಾನಾಗೇ ಹೋಯಿತು.

ಅಧ್ಯಕ್ಷರು ಮನೆ ಹುಡುಕಿಕೊಂಡು ಬಂದು, "ಸರ್ಕಾರದ ಮುಂದೆ ನೀನೇ ಹೇಳಪ್ಪ. ನಾವು ಬರೆದಿರೋ ವಿಕಿರಣ ಸುರಕ್ಷತೆ ನೀತಿ ನಿಮ್ಮಂಥವರಿಗೋಸ್ಕರನೇ," ಅಂದಿದ್ದರು. ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದ. ಇಲ್ಲಿ ಯಾರೂ ಕೇಳಲಿಲ್ಲ.

"ಕಾಯಂ ನೌಕರರಿಗೆ ವಿಕಿರಣ ಅಳೆಯೋ ಬ್ಯಾಡ್ಜು, ತಪಾಸಣೆ, ಎಲ್ಲಾ ಒಪ್ಪಿದೆ," ಅಂದರು ಕಾರ್ಯದರ್ಶಿ. "ಗುತ್ತಿಗೆಯವರಿಗೂ ಅಂದ್ರೆ ಕಂಪನಿಗಳು ಬಾಯಿ ಬಡ್ಕೋತವೆ. ಆ ಒಂದು ಸಾಲು ಬಿಡಿ. ವರದಿ ಇವತ್ತೇ ಮಂತ್ರಿಗಳ ಮೇಜಿಗೆ ಹೋಗುತ್ತೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಪಕ್ಕದವರ ಜೊತೆ ಪಿಸುಗುಟ್ಟಿದರು.

"ಸದ್ಯಕ್ಕೆ ಇಷ್ಟಾದರೂ ಆಗಲಿ," ಅಂದರು.

ಕುರ್ಚಿಗಳು ಸರಿದವು. ಕೈಕುಲುಕಾಟ ಮುಗಿಯಿತು. ಅಧ್ಯಕ್ಷರು ಅವಳ ಹತ್ತಿರ ಬಂದು ಬಗ್ಗಿದರು. "ಬ್ಯಾಂಡೇಜು ಸ್ವಲ್ಪ ಬಿಚ್ಚಮ್ಮ. ವರದಿಯ ಮುಖಪುಟಕ್ಕೆ ಒಂದು ಫೋಟೋ."

"ಯಾರ ವರದಿಗೆ? ಇವರನ್ನ ಬಿಟ್ಟಿರೋ ವರದಿಗಾ?"

"ಮುಂದಿನ ಸಲ ಖಂಡಿತ ಸೇರಿಸ್ತೀವಮ್ಮ."

"ಮುಂದಿನ ಸಲಕ್ಕೆ ಇವರಿಗೆ ಕೈಯೇ ಇರಲ್ಲ ಸಾರ್."

ಗಂಡ ಎದ್ದ. ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಅಡ್ಡಲಾಗಿ ಉದ್ದಕ್ಕೆ ಮಲಗಿ, ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಅವಳೂ ಹೋಗಿ ಅವನ ತಲೆಯ ಬಳಿ ಕೂತಳು.

"ಏಯ್, ಏಳೋ. ಇದೇನು ನಾಟಕ?" ಕಾರ್ಯದರ್ಶಿ ಗದರಿದರು. ಕಾವಲುಗಾರನ ಕಡೆ ತಿರುಗಿದರು. "ಎಳೆದು ಆಚೆ ಹಾಕೋ ಇವನನ್ನ."

ಕಾವಲುಗಾರ ಬಗ್ಗಿ ಅವನ ಭುಜಕ್ಕೆ ಕೈ ಹಾಕಿದ. ಬ್ಯಾಂಡೇಜಿನಲ್ಲಿ ರಸಿಕೆ ಒಸರುವುದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

"ಆ ಸಾಲು ಬರೀರಿ, ಏಳ್ತೀನಿ," ಅಂದ ಮಲಗಿದ್ದವನು.

ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಪ್ಯಾಂಟು ಎತ್ತಿ ಹಿಡಿದು ಅವನ ಹೊಟ್ಟೆಯ ಮೇಲಿಂದ ದಾಟಿ ಹೋದರು. ಅವರ ಹಿಂದೆ ಇಬ್ಬರು ಗುಮಾಸ್ತರು ದಾಟಿದರು.

ಅಧ್ಯಕ್ಷರು ಹೊಸ್ತಿಲ ಹತ್ತಿರ ಬಂದು ನಿಂತರು.

"ಸ್ವಲ್ಪ ಜಾಗ ಬಿಡಮ್ಮ," ಅಂದರು, ಮೆಲ್ಲಗೆ.

ಅವಳು ಅಲುಗಲಿಲ್ಲ. "ದಾಟಿ ಸಾರ್," ಅಂದಳು. "ಅವರು ದಾಟಿದ್ರಲ್ಲ."

ಅಧ್ಯಕ್ಷರು ಕಾಲೆತ್ತಿದರು.