ದೂರಿನ ಸಾಕ್ಷಿ

ಟೈಲರ್ ಅಷ್ಟು ಚೆನ್ನಾಗಿ ಹೊಗಳಬಲ್ಲ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಘದ ಸಭೆಯಲ್ಲಿ ಕೈಕಟ್ಟಿ ನಿಂತು, "ನಮ್ಮ ಗಿರಣಿಯಮ್ಮ ಅಂದ್ರೆ ಅಪ್ಪಟ ಚಿನ್ನ ಮೇಡಂ. ಇಂಥ ನೆರೆಯವರು ಸಿಗೋಕೆ ಪುಣ್ಯ ಮಾಡಿರಬೇಕು" ಎಂದು ಅವನು ಶುರುಮಾಡಿದ್ದೇ ತಡ, ಗೋಡೆಗೊರಗಿ ಕೂತಿದ್ದ ಗಿರಣಿಯಮ್ಮ ನೆಟ್ಟಗಾದಳು. ಮುಗಿಯಿತು, ಈ ಮಹಾರಾಯ ನನ್ನ ಸಾಲಕ್ಕೆ ಕಲ್ಲು ಹಾಕಿದ ಎಂದುಕೊಂಡಳು.

ಹೊಗಳಿದರೆ ಸಾಲಕ್ಕೆ ಕಲ್ಲು ಬೀಳುವುದು ಹೇಗೆ? ಆ ಬೀದಿಯ ಸಂಘದ ಕಾನೂನೇ ಹಾಗೆ. ಮನೆಮನೆಯಿಂದ ವಾರವಾರ ಚಿಲ್ಲರೆ ಕೂಡಿಸಿ, ಬ್ಯಾಂಕುಗಳು ಬಾಗಿಲಿಗೂ ಬಿಟ್ಟುಕೊಳ್ಳದ ಜನಕ್ಕೆ ಸಾಲ ಕೊಡುವ ಸಂಘ ಅದು. ಹಿಂದೊಮ್ಮೆ ಬೆಣ್ಣೆ ಮಾತಿನ ಒಬ್ಬ ಆಸಾಮಿ ಅಲ್ಲಿ ಬಾಡಿಗೆಗಿದ್ದ. ಅವನ ಬಗ್ಗೆ ಯಾರ ಬಾಯಲ್ಲೂ ಒಂದು ಕೆಟ್ಟ ಮಾತಿಲ್ಲ. ಸಾಲ ತೆಗೆದುಕೊಂಡವನು ಬೆಳಗಾಗುವುದರೊಳಗೆ ಕಂಬಿ ಕಿತ್ತ. ಸಂಘ ಕಟ್ಟಿದ ಸೂಲಗಿತ್ತಿ ಅಜ್ಜಿ ಅಂದೇ ನಿಯಮ ಮಾಡಿದಳು: ಯಾರೇ ಸಾಲ ಕೇಳಲಿ, ಅವರ ಪಕ್ಕದ ಮನೆಯವರು ಸಭೆಯಲ್ಲಿ ಎದ್ದು ನಿಂತು ಒಂದಾದರೂ ನಿಜವಾದ ದೂರು ಹೇಳಬೇಕು. "ಹೊಗಳೋಕೆ ಗುರುತೇ ಬೇಕಾಗಿಲ್ಲ ಕಣ್ರೇ. ಬೈಯೋಕೆ ಜೊತೇಲಿ ಬಾಳಿರಬೇಕು" ಎನ್ನುವುದು ಅವಳ ವಾದ. ಬರೀ ಹೊಗಳಿಕೆ ಬಂದರೆ ಒಂದೋ ಆ ಮನುಷ್ಯನನ್ನು ಯಾರೂ ಅರಿಯರು, ಇಲ್ಲವೇ ಎಲ್ಲರೂ ಅವನಿಗೆ ಹೆದರುತ್ತಾರೆ. ಎರಡಕ್ಕೂ ಸಾಲವಿಲ್ಲ.

ಗಿರಣಿಯಮ್ಮನ ಮೇಲೆ ಟೈಲರನ ಹತ್ತಿರ ದೂರಿಗೆ ಬರಗಾಲವೇ ಇರಲಿಲ್ಲ. ಅವಳ ಹಿಟ್ಟಿನ ಗಿರಣಿಗೂ ಅವನ ಮನೆಯೂ ಆಗಿದ್ದ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಈಚೆ ಡೀಸೆಲ್ ಎಂಜಿನ್ನಿನ ಹೊಗೆ, ಹಿಟ್ಟಿನ ಧೂಳು. ಆಚೆ ಮದುವೆಗೆ ಹೊಲಿದಿಟ್ಟ ಬಿಳಿ ಬಟ್ಟೆ. ಇಬ್ಬರೂ ಹಾವು ಮುಂಗುಸಿಯ ಹಾಗೆ ವರ್ಷಗಟ್ಟಲೆ ಕಚ್ಚಾಡಿದವರು. ಆದರೆ ಇಂದು ಸಭೆಗೆ ನಿಧಿಯ ಅಧಿಕಾರಿ ಬಂದಿದ್ದಾಳೆ. ಬಡವರ ಬೀದಿಗಳಲ್ಲಿ ಸೋಲಾರ್ ಹಾಕಿಸಲು ಇಂಥ ಸಣ್ಣ ಸಂಘಗಳಿಗೆ ಕಡಿಮೆ ಬಡ್ಡಿಗೆ ದುಡ್ಡು ಕೊಡುವ ದೊಡ್ಡ ನಿಧಿ ಅದು. ಸಂಘ ಸಾಲವನ್ನು ಹೇಗೆ ತೀರ್ಮಾನಿಸುತ್ತದೆ ಎಂದು ಕಣ್ಣಾರೆ ನೋಡಲು ಬಂದವಳ ಎದುರು ಬೀದಿಯ ಮಾನ ಉಳಿಸಬೇಕೆಂದು ಟೈಲರ್ ನಾಲಿಗೆಗೆ ಸಕ್ಕರೆ ಸವರಿಕೊಂಡಿದ್ದ.

ಗಿರಣಿಯಮ್ಮನಿಗೆ ಮಾನಕ್ಕಿಂತ ಮೋಟರ್ ಮುಖ್ಯವಾಗಿತ್ತು. ಗಂಡ ಬಿಟ್ಟುಹೋದ ಆ ಮುದಿ ಎಂಜಿನ್ನಿನ ಆಸೆ ಬಿಡು ಎಂದು ಮೆಕ್ಯಾನಿಕ್ ಕೈತೊಳೆದುಕೊಂಡಿದ್ದ. ಮಾಡಿನ ಮೇಲೆ ಸೋಲಾರ್ ಹಲಗೆ, ಕೆಳಗೆ ಕರೆಂಟಿನ ಮೋಟರ್ ಬಂದರೆ ಗಿರಣಿ ಉಳಿಯುತ್ತದೆ. ಬರದಿದ್ದರೆ ಬೀಗ. ಅವಳು ಎದ್ದು ನಿಂತಳು.

"ಟೈಲರಣ್ಣ, ನಾಟಕ ಸಾಕು. ನನ್ನ ಬೈಯಿ."

"ಅಯ್ಯೋ, ನಿನ್ನ ಯಾಕಮ್ಮ ಬೈಲಿ? ಅಂಥದ್ದೇನು ಮಾಡಿದೀಯ?" ಅವನು ಅಧಿಕಾರಿಯ ಕಡೆ ನೋಡಿ ಹಲ್ಲುಕಿರಿದ.

"ನಿನ್ನೆ ತಾನೇ ನನ್ನ ರಾಕ್ಷಸಿ ಅಂದೆ! ಇವತ್ತು ಬಾಯಿಗೆ ಹೊಲಿಗೆ ಹಾಕ್ಕೊಂಡು ಬಂದಿದೀಯಾ?"

ಜನ ಗೊಳ್ಳೆಂದರು. ಟೈಲರನ ಮುಖ ಕೆಂಪಾಯಿತು. "ನೋಡಮ್ಮ, ನನ್ನ ಕೆಣಕಬೇಡ..."

"ಕೆಣಕ್ತೀನಿ. ಧೈರ್ಯ ಇದ್ರೆ ಹೇಳು!"

"ಹೇಳ್ತೀನಿ ಹಾಗಾದ್ರೆ!" ಎಂದ ಟೈಲರ್. ಅವನ ದನಿ ಒಮ್ಮೆಲೇ ಬೇರೆಯಾಗಿತ್ತು. "ನನ್ನ ಹೆಂಡತಿ ಹೋದ ದಿನ. ಕೊನೇಲಿ ಏನೋ ಹೇಳೋಕೆ ಬಾಯಿ ಆಡಿಸಿದ್ಳು. ನಿನ್ನ ಎಂಜಿನ್ ಸದ್ದಲ್ಲಿ ನನಗೆ ಕೇಳಿಸಲಿಲ್ಲ. ಗೋಡೆ ಬಡಿದೆ. ಕೈ ನೋಯೋವರೆಗೂ ಬಡಿದೆ. ನೀನು ನಿಲ್ಲಿಸಲಿಲ್ಲ. ಅವಳು ಏನಂದಳೋ ನನಗಿನ್ನೂ ಗೊತ್ತಿಲ್ಲ."

ಬಡಿದದ್ದು ಗಿರಣಿಯಮ್ಮನಿಗೆ ಕೇಳಿಸಿತ್ತು. ದಿನಾ ಬಡಿಯುವವನು ಇವತ್ತೂ ಜಗಳಕ್ಕೇ ಬಡಿಯುತ್ತಿದ್ದಾನೆ ಎಂದುಕೊಂಡಿದ್ದಳು. ಅಲ್ಲದೆ ಆ ಎಂಜಿನ್ ಒಮ್ಮೆ ನಿಂತರೆ ಹ್ಯಾಂಡಲ್ ತಿರುಗಿಸಿ ಮತ್ತೆ ಎಬ್ಬಿಸಲು ಇಬ್ಬರು ಗಟ್ಟಿ ಆಳು ಬೇಕು.

"ಕೇಳಿಸಿತ್ತಣ್ಣ" ಎಂದಳು. "ಕೇಳಿಸಿಯೂ ನಿಲ್ಲಿಸಲಿಲ್ಲ. ನನ್ನದೇ ತಪ್ಪು."

ಸೂಲಗಿತ್ತಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ದೂರು ನಿಜ. ಒಪ್ಪಿಕೊಂಡಿದ್ದೂ ನಿಜ. ಈಗ ಹೇಳಪ್ಪ, ಇವಳಿಗೆ ಸಾಲ ಕೊಡೋಣವಾ?"

"ಕೊಡದೆ ಇನ್ನೇನು?" ಟೈಲರ್ ರೇಗಿದ. "ಇಸಕೊಂಡ ಸೂಜೀನೂ ಸಂಜೆಯೊಳಗೆ ತಂದುಕೊಡೋ ಹೆಂಗಸು ಅವಳು."

ಅಲ್ಲಿಗೆ ಎಲ್ಲ ಸುಗಮವಾಗಿ ಮುಗಿಯಬೇಕಿತ್ತು. ಆದರೆ ಅಧಿಕಾರಿ ಗಂಟಲು ಸರಿಮಾಡಿಕೊಂಡಳು. ಕೆಟ್ಟವಳೇನಲ್ಲ, ಅವಳ ಕಣ್ಣೂ ತೇವವಾಗಿತ್ತು. ಆದರೂ ಅವಳ ಬಾಯಿಂದ ಬಂದದ್ದು ಕಚೇರಿಯ ಮಾತೇ.

"ಅಜ್ಜಿ, ಇದನ್ನೆಲ್ಲ ನಮ್ಮ ಮೇಲಿನವರು ಒಪ್ಪಲ್ಲ. ಈ ಬೈಗುಳದ ಪದ್ಧತಿ ಬಿಡಬೇಕಾಗುತ್ತೆ. ಮನೆಯ ಹಕ್ಕುಪತ್ರ ಇರೋರಿಗೆ ಮಾತ್ರ ಸಾಲ ಕೊಡಿ, ಸಾಕು. ಇವರ ಗಿರಣಿಗೆ ಪತ್ರ ಇದೆ. ನೀವು ಹೂಂ ಅಂದ್ರೆ ಇವರ ಹೆಸರು ಈಗಲೇ ಸೇರಿಸ್ತೀನಿ."

ಅಜ್ಜಿ ಗಿರಣಿಯಮ್ಮನ ಕಡೆ ನೋಡಿದಳು. "ಹೊಟ್ಟೆಪಾಡು ನಿಂದು. ನೀನೇ ಹೇಳು ಮಗಳೇ."

ಒಂದು ಹೂಂ. ಅಷ್ಟೇ ಬೇಕಾಗಿದ್ದದ್ದು. ಗಿರಣಿಯಮ್ಮನ ಬಾಯಿಗೆ ಅದು ಬಂದೂ ಬಿಟ್ಟಿತ್ತು. ಆದರೆ ಟೈಲರಿಗೆ ಪತ್ರವಿಲ್ಲ. ಅಜ್ಜಿಗೂ ಇಲ್ಲ. ಚಾಪೆಯ ಮೇಲೆ ಕೂತವರಲ್ಲಿ ಬಹುಪಾಲು ಜನ ಹಕ್ಕುಪತ್ರದ ಮುಖವನ್ನೇ ಕಂಡವರಲ್ಲ. ಇವರ ಚಿಲ್ಲರೆಯಿಂದ ಎದ್ದ ಸಂಘದಲ್ಲಿ ಇವರಿಗೇ ಜಾಗವಿಲ್ಲ ಅನ್ನುವ ಮಾತಿಗೆ ಅವಳ ಮೈ ಉರಿದುಹೋಯಿತು.

"ಮೇಡಂ, ನೀವು ನಮಗೆ ಕೊಡೋದು ದಾನವಾ, ಸಾಲವಾ?"

"ಸಾಲಾನೇ."

"ಬಡ್ಡಿ ಸಮೇತ ವಾಪಸ್ ಕೊಡ್ತೀವಿ ತಾನೆ? ಅಂದ್ಮೇಲೆ ನೀವು ಎಂಥೋರು ಅಂತ ನಮಗೂ ಗೊತ್ತಾಗಬೇಕು. ನಿಮ್ಮ ಮೇಲೆ ದೂರು ಹೇಳೋರು ಯಾರು ಬಂದಿದಾರೆ?"

ಅಧಿಕಾರಿ ತಬ್ಬಿಬ್ಬಾಗಿ ಚೀಲದಿಂದ ಮಿರಿಮಿರಿ ಮಿಂಚುವ ಪುಸ್ತಕವೊಂದನ್ನು ತೆಗೆದುಕೊಟ್ಟಳು. ಗಿರಣಿಯಮ್ಮ ಹಾಳೆ ತಿರುವಿದಳು. ಪ್ರತಿ ಹಾಳೆಯಲ್ಲೂ ನಗುವ ಮುಖಗಳು, ನಿಧಿಯ ಗುಣಗಾನ.

"ಇದರಲ್ಲಿ ಬರೀ ಹೊಗಳಿಕೆ ಇದೆ" ಎಂದು ಅದನ್ನು ಮುಚ್ಚಿ ಕೈಗಿಟ್ಟಳು. "ನಮ್ಮ ನಿಯಮದ ಪ್ರಕಾರ ನಿಮ್ಮ ದುಡ್ಡು ನಾವು ಮುಟ್ಟೋ ಹಾಗಿಲ್ಲ. ತಗೊಂಡು ಹೋಗಿ. ನನ್ನ ಗಿರಣಿಗೆ ಬೀಗ ಬಿದ್ದರೆ ಬೀಳಲಿ. ಈ ಜನಾನ ಹೊರಗೆ ನಿಲ್ಲಿಸಿ ನನಗೊಬ್ಬಳಿಗೆ ಬೆಳಕು ಬೇಡ."

ಅಧಿಕಾರಿ ಎದ್ದು ಚೀಲ ಹೆಗಲಿಗೇರಿಸಿದಳು. ಬಾಗಿಲವರೆಗೂ ಹೋದಳು. ಅಲ್ಲಿ ಏನನ್ನಿಸಿತೋ, ತಿರುಗಿ ನಿಂತಳು.

"ಬೇರೆ ಯಾರೂ ಬಂದಿಲ್ಲ, ನಾನೇ ಹೇಳ್ತೀನಿ" ಎಂದಳು. "ಬಡವರಿಗೆ ಅಂತ ತಂದ ದುಡ್ಡು ನಮ್ಮಲ್ಲಿ ವರ್ಷಗಟ್ಟಲೆ ಕೊಳೀತಾ ಬಿದ್ದಿದೆ. ಪತ್ರ ಇರೋ ಬಡವರನ್ನ ಹುಡುಕ್ತಾನೇ ಇದೀವಿ, ಸಿಕ್ಕಿಲ್ಲ. ಪುಸ್ತಕದಲ್ಲಿರೋ ಆ ಮುಖಗಳಿದಾವಲ್ಲ, ಅವರಲ್ಲಿ ಒಬ್ಬರ ಮನೇಲೂ ನಮ್ಮ ದೀಪ ಉರೀತಿಲ್ಲ."

"ಹಾಂ! ಈಗ ಗುರುತು ಸಿಕ್ತು" ಎಂದಳು ಅಜ್ಜಿ. "ಬಾರಮ್ಮ, ಒಳಗೆ ಬಂದು ಕೂತ್ಕೊ. ಯಾರಾದ್ರೂ ಈ ಹುಡುಗಿಗೆ ನೀರು ಕೊಡ್ರೇ."

ಅವಳು ನೀರು ಕುಡಿದಳು, ಮಾತು ಕೊಡಲಿಲ್ಲ. ಮೇಲಿನವರ ಜೊತೆ ಜಗಳ ಆಡಿ ನೋಡ್ತೀನಿ ಎಂದಷ್ಟೇ ಹೇಳಿ ಹೋದಳು. ಜಗಳ ಬೇಗ ಮುಗಿಯಲಿಲ್ಲ. ಅಷ್ಟರಲ್ಲಿ ಎಂಜಿನ್ ಕೊನೆಯುಸಿರೆಳೆಯಿತು, ಗಿರಣಿಗೆ ನಿಜವಾಗಿಯೂ ಬೀಗ ಬಿತ್ತು. ಬಾಯಿಬಡಾಯಿಗೆ ಅನ್ನ ಕಳೆದುಕೊಂಡಳು ಎಂದು ಆಡಿಕೊಂಡವರೂ ಇದ್ದರು. ಟೈಲರ್ ಅವಳನ್ನು ಕರೆದು ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ಕೊಟ್ಟ. ಒಂದೊಂದು ಗುಂಡಿಗೂ ಬೈದ. ಅವಳು ತಿರುಗಿಸಿ ಬೈದಳೇ ಹೊರತು ಆ ದಿನದ ಮಾತಿಗೆ ಒಮ್ಮೆಯೂ ಪಶ್ಚಾತ್ತಾಪ ಪಡಲಿಲ್ಲ.

ಕೊನೆಗೂ ದುಡ್ಡು ಬಂತು. ಹಕ್ಕುಪತ್ರದ ಷರತ್ತು ಇರಲಿಲ್ಲ, ಸಾಲ ತೀರ್ಮಾನಿಸುವುದು ಸಂಘದ ಪದ್ಧತಿಯಂತೆಯೇ ಎಂದು ಒಪ್ಪಂದದಲ್ಲಿ ಬರೆದಿತ್ತು. ಮೊದಲ ಸಾಲ ಗಿರಣಿಗೆ, ಎರಡನೆಯದು ಟೈಲರಿಗೆ. ಅವನ ಮೇಲೆ ದೂರು ಹೇಳಲು ನಿಂತ ಗಿರಣಿಯಮ್ಮನನ್ನು ಕೂರಿಸುವುದೇ ಅಜ್ಜಿಗೆ ಕಷ್ಟವಾಯಿತು.

ಹಲಗೆ ಕೂರಿಸಲು ಬಂದ ಎಲೆಕ್ಟ್ರಿಷಿಯನ್ನಿಗೆ ಅವಳು ಒಂದು ಹೆಚ್ಚಿನ ಕೆಲಸ ಹೇಳಿದಳು. ಅವನು ನಡುಗೋಡೆಗೆ ತೂತು ಕೊರೆದು ತಂತಿ ದಾಟಿಸಿ, ಟೈಲರನ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಸ್ವಿಚ್ ಕೂರಿಸಿದ.

"ಇದೇನು?" ಎಂದು ಟೈಲರ್ ಕೇಳಿದ.

"ಗಿರಣಿ ನಿಲ್ಲಿಸೋದು" ಎಂದಳು. "ಇನ್ಮೇಲೆ ಗೋಡೆ ಬಡೀಬೇಡ."

ಅವಳು ಹೋಗಿ ಮೋಟರ್ ಹಾಕಿದಳು. ಹೊಗೆಯಿಲ್ಲದೆ ಕಲ್ಲು ಗುರುಗುಟ್ಟಿ ತಿರುಗಿತು, ಹಿಟ್ಟು ಬಿಸಿಬಿಸಿಯಾಗಿ ಬೀಳತೊಡಗಿತು. ಸ್ವಲ್ಪ ಹೊತ್ತಿಗೆ ಗಿರಣಿ ತಾನಾಗಿ ನಿಂತಿತು. ಬೀದಿಯ ಕಾಗೆಯ ಕೂಗೂ ಒಳಗೆ ಕೇಳಿಸುವಷ್ಟು ನಿಶ್ಶಬ್ದ. ಅವಳು ಗೋಡೆಯ ಹತ್ತಿರ ಓಡಿದಳು.

"ಏನಾಯ್ತಣ್ಣ?"

ಆಚೆಯಿಂದ ಉತ್ತರ ಬಂತು. "ಏನಿಲ್ಲಮ್ಮ. ಕೇಳಿಸುತ್ತಾ ಅಂತ ನೋಡಿದೆ."

"ಕೇಳಿಸ್ತು" ಎಂದಳು ಗಿರಣಿಯಮ್ಮ.

ಅವನು ಸ್ವಿಚ್ ಒತ್ತಿದ. ಗಿರಣಿ ಮತ್ತೆ ತಿರುಗತೊಡಗಿತು.