ಬುಡ್ಡಣ್ಣನ ಕಾರ್ಡೂ ಸಣ್ಣಕ್ಷರದ ಪುಸ್ತಿಕೆಯೂ

ಸಮಸ್ತ ಸಾರ್ವಜನಿಕರ ಅವಗಾಹನೆಗೆ ತರುವುದೇನೆಂದರೆ: ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷ ನಿಷ್ಠೆಯಿಂದ ದುಡಿದ ಓದಿನ ರಟ್ಟು, ಸೋಮವಾರ ಬೆಳಿಗ್ಗೆ ತನ್ನ ಮೇಲೆ ಒಂದು ಲೋಟ ಚಹಾ ಬಿದ್ದ ಕಾರಣ, ಸೇವೆಯಿಂದ ನಿವೃತ್ತಿ ಹೊಂದಿದೆ. ತೆರವಾದ ಸ್ಥಾನಕ್ಕೆ, ಅರ್ಜಿ ಸಂದರ್ಶನಗಳ ಗೋಜಿಲ್ಲದೆ, ಬ್ಯಾಂಕಿನವರು ಕ್ರೆಡಿಟ್ ಕಾರ್ಡಿನ ಜೊತೆ ಕಳಿಸಿದ ನಿಯಮಗಳ ಪುಸ್ತಿಕೆಯನ್ನು ನೇಮಿಸಲಾಗಿದೆ.

ನೇಮಿಸಿದವನು ಅಂಗಡಿಯ ಯಜಮಾನ. ಸೋಡಾಬುಡ್ಡಿ ಗಾಜು ಮಾರುವವನಾದ್ದರಿಂದ ಬೀದಿಯವರ ಬಾಯಲ್ಲಿ ಅವನು ಬುಡ್ಡಣ್ಣ. ಓದಿನ ರಟ್ಟೆಂದರೆ ಕುರ್ಚಿಯಲ್ಲಿ ಕೂತ ಗಿರಾಕಿ ಮೊಳದ ದೂರದಲ್ಲಿ ಹಿಡಿದು ಓದಬೇಕಾದದ್ದು. ಮೇಲಿನ ಸಾಲಿನಲ್ಲಿ ಅಕ್ಷರ ದಪ್ಪ, ಕೆಳಕ್ಕೆ ಇಳಿದಂತೆ ಸಾಸಿವೆ ಕಾಳು. ಕೊನೆಯ ಸಾಲು ತಡವರಿಸದೆ ಓದಿದರೆ ಕನ್ನಡಕದ ನಂಬರು ಸರಿ ಎಂದು ಲೆಕ್ಕ. ಚಹಾ ಕುಡಿದ ರಟ್ಟಿಗೆ ಬದಲಿ ಹುಡುಕುತ್ತ ಬುಡ್ಡಣ್ಣ ಅಂಗಡಿಯನ್ನೆಲ್ಲ ತಡಕಾಡಿದ. ಅಷ್ಟು ಸಣ್ಣ ಅಕ್ಷರ ಸಿಕ್ಕಿದ್ದು ಆ ಪುಸ್ತಿಕೆಯಲ್ಲಿ ಮಾತ್ರ. ಓದಬಾರದೆಂದೇ ಅಚ್ಚು ಹಾಕಿಸಿದ ಪುಸ್ತಕ ಜಗತ್ತಿನಲ್ಲಿ ಇದೊಂದೇ ಇರಬೇಕು.

ಬುಡ್ಡಣ್ಣನೂ ಓದಿರಲಿಲ್ಲ. ವಯಸ್ಸು ಐವತ್ತೊಂದು. ಊರಿಗೆಲ್ಲ ಕನ್ನಡಕ ತೊಡಿಸಿದವನು ತಾನು ಮಾತ್ರ ತೊಡದೆ, ಕಾಗದವನ್ನು ಆದಷ್ಟು ದೂರ ಹಿಡಿದು, ತನ್ನ ಕಣ್ಣು ಸರಿಯಾಗೇ ಇದೆ, ಕೈಯೇ ಈಚೆಗೆ ಗಿಡ್ಡವಾಗುತ್ತಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಕಾರ್ಡು ತರಿಸಿದ್ದು ಒಂದು ಮಹಾಯೋಜನೆಗೆ. ಬೀದಿಯ ಆ ತುದಿಯಲ್ಲಿ ಹೊಸ ಕನ್ನಡಕದ ಅಂಗಡಿಯೊಂದು ಬಾಗಿಲು ತೆರೆದಿತ್ತು. ಅಲ್ಲಿ ಗದ್ದ ಊರಿ ಕೂತರೆ ಸಾಕು, ಒಳಗೆ ಬಣ್ಣದ ಬಲೂನೊಂದು ಕಂಡು, ಅದು ಮಸುಕಾಗಿ, ಮತ್ತೆ ತಿಳಿಯಾಗಿ, ಕಣ್ಣಿನ ನಂಬರನ್ನು ಯಂತ್ರವೇ ಚೀಟಿಯಲ್ಲಿ ಮುದ್ರಿಸಿ ಕೊಡುತ್ತಿತ್ತು. ಜನ ಬಲೂನು ನೋಡಲೆಂದೇ ಅತ್ತ ಹೋಗಿ, ಬರುವಾಗ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಬರುತ್ತಿದ್ದರು. ತನಗೂ ಬಲೂನು ಬೇಕೆಂದು ಬುಡ್ಡಣ್ಣನಿಗೆ ಹಟ ಬಂತು. ಯಂತ್ರ ಮಾರುವ ಕಂಪನಿಯಿಂದ ಟೈ ಕಟ್ಟಿದವನೊಬ್ಬ ಬಂದು, ಕಾರ್ಡು ಒಮ್ಮೆ ಉಜ್ಜಿದರೆ ಸಾಕು, ತಿಂಗಳಿಗೆ ಕನಿಷ್ಠ ಮೊತ್ತ ಕಟ್ಟಿಕೊಂಡು ಹಾಯಾಗಿರಬಹುದು ಎಂದು ಹೇಳಿ, ಗುರುವಾರ ಸಂಜೆ ನಾಲ್ಕಕ್ಕೆ ಬರುತ್ತೇನೆಂದು ಹೋಗಿದ್ದ. ಬುಡ್ಡಣ್ಣ ಈ ಕನಿಷ್ಠವನ್ನು ಬೀದಿಗೆಲ್ಲ ಗರಿಷ್ಠ ದನಿಯಲ್ಲಿ ಸಾರಿದ. ಪೇಂಟರನ್ನು ಕರೆಸಿ ಬಾಗಿಲ ಮೇಲೆ 'ಇಲ್ಲಿ ಕಂಪ್ಯೂಟರಿನಿಂದ ಕಣ್ಣು ಪರೀಕ್ಷೆ' ಎಂದು ಬರೆಸಿಯೂಬಿಟ್ಟ.

ಹೆಂಡತಿ ಮಾತ್ರ ಕುಣಿಯಲಿಲ್ಲ. ಅವಳು ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಸಾಣೆ ಹಿಡಿಯುವವಳು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೂ ಗಾಜು ಫ್ರೇಮಿನಿಂದ ಜಾರಿ ಬೀಳುತ್ತದೆ ಎಂಬುದು ಬೆರಳಿಗೇ ಗೊತ್ತಿದ್ದ ಹೆಂಗಸು. ಅಂಗಡಿ ಹಾಕುವಾಗ ಮಾಡಿದ ಸಾಲ ತೀರಲು ಹದಿನೇಳು ವರ್ಷ ಹಿಡಿದಿತ್ತು. ಅಷ್ಟೂ ವರ್ಷ ತಿಂಗಳ ಕೊನೆ ಬಂತೆಂದರೆ ಅವಳು ರಾತ್ರಿಯೆಲ್ಲ ಎದ್ದು ಕೂತು ಲೆಕ್ಕ ಹಾಕುತ್ತಿದ್ದಳು.

"ಮಷೀನು ಬೇಡ ಅನ್ನಲ್ಲ ಕಣ್ರೀ," ಎಂದಿದ್ದಳು. "ಸಾಲ ತೀರಿ ಹನ್ನೊಂದು ತಿಂಗಳಾಯ್ತು ಅಷ್ಟೆ. ಹದಿನೇಳು ವರ್ಷದ ನಿದ್ದೆ ಬಾಕಿ ಇದೆ ನಂಗೆ. ಇನ್ನೂ ಮಾಡಿ ಮುಗಿಸಿಲ್ಲ."

ಬುಡ್ಡಣ್ಣ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಸೋಮವಾರ ಮೊದಲು ಕುರ್ಚಿ ಏರಿದವರು ನಿವೃತ್ತ ಲೆಕ್ಕದ ಮೇಷ್ಟ್ರು. ಬುಡ್ಡಣ್ಣ ಅವರ ಮೂಗಿಗೆ ಪರೀಕ್ಷೆಯ ಕಬ್ಬಿಣದ ಫ್ರೇಮು ಸಿಕ್ಕಿಸಿ, ಗಾಜು ಬದಲಿಸುತ್ತ, ಪುಸ್ತಿಕೆಯ ನಾಲ್ಕನೇ ಪುಟ ತೆಗೆದುಕೊಟ್ಟ. ಮೇಷ್ಟ್ರು ತರಗತಿಗೆ ಪಾಠ ಓದುವ ಗತ್ತಿನಲ್ಲಿ, ಕನಿಷ್ಠ ಮೊತ್ತವನ್ನಷ್ಟೇ ಪಾವತಿಸಿದಲ್ಲಿ ಉಳಿದ ಬಾಕಿಯ ಮೇಲೆ ಖರೀದಿಯ ದಿನದಿಂದಲೇ ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಎಂದು ಓದಿದರು. ಓದಿ ಸುಮ್ಮನಿರಲಾಗದೆ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಲೆಕ್ಕ ಹಾಕಿದರು. ಯಾರದು ಈ ಕಾರ್ಡು ಎಂದು ಕೇಳಿದರು. ಯಾರದೋ ಎಂದ ಬುಡ್ಡಣ್ಣ.

"ಯಾರದೋ ಆದ್ರೆ ಅವನಿಗೆ ಹೇಳಪ್ಪ," ಎಂದರು ಮೇಷ್ಟ್ರು. "ಲಕ್ಷ ಸಾಲಕ್ಕೆ ಅವನು ಕನಿಷ್ಠ ಅಂತ ಐದು ಸಾವಿರ ಕಟ್ಟಿದ್ರೆ, ಮೂರೂವರೆ ಸಾವಿರ ಬಡ್ಡಿನೇ ನುಂಗುತ್ತೆ. ಅಸಲಿಗೆ ಸಿಗೋದು ಒಂದೂವರೆ. ಬಾಕಿ ಇಳಿದ ಹಾಗೆ ಕನಿಷ್ಠಾನೂ ಇಳಿಯುತ್ತೆ, ಹೀಗೇ ಕಟ್ತಾ ಹೋದ್ರೆ ಸಾಲ ಅರ್ಧ ಆಗೋಕೇ ಹತ್ತತ್ರ ನಾಲ್ಕು ವರ್ಷ. ಪೂರ್ತಿ ಯಾವಾಗ ಅಂತ ಕೇಳ್ಬೇಡ, ಅಂಗೈಲಿ ಜಾಗ ಇಲ್ಲ."

ಬುಡ್ಡಣ್ಣ ನಕ್ಕ. ನಗು ಬಾಯಿಂದ ಆಚೆ ಬಂತು, ಮುಖಕ್ಕೆ ಬರಲಿಲ್ಲ. ಹಿಂದಿನ ಕೋಣೆಯ ಸಾಣೆಯ ಗರಗರ ಒಂದು ಗಳಿಗೆ ನಿಂತು ಮತ್ತೆ ಸುರುವಾಯಿತು.

ಮಂಗಳವಾರ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೆಂದು ಎದುರು ಸಾಲಿನ ಹೊಲಿಗೆ ಅಕ್ಕ ಬಂದಳು. ಅವಳ ಪಾಲಿಗೆ ಬಂದದ್ದು ಆರನೇ ಪುಟ. ಹಳೆಯ ಬಾಕಿ ಉಳಿಸಿಕೊಂಡವರು ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಎಂದು ಅದರಲ್ಲಿತ್ತು. ಕಾರ್ಡಿನಿಂದ ನಗದು ತೆಗೆದರಂತೂ ಮೊದಲ ಗಳಿಗೆಯಿಂದಲೇ ಬಡ್ಡಿ, ಮೇಲೆ ಶುಲ್ಕ. ಅಕ್ಕನಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ತನ್ನ ಹತ್ತಿರವೂ ಒಂದು ಕಾರ್ಡಿದೆ ಎಂದಳು.

"ಹಾಗಾದ್ರೆ ನೀನೂ ಸಾಲಗಾರ್ತಿನೇ ಅಂತಾಯ್ತಲ್ಲಕ್ಕ," ಎಂದು ಬುಡ್ಡಣ್ಣ ಜೊತೆ ಸಿಕ್ಕ ಸಂತೋಷದಲ್ಲಿ ಹೇಳಿದ.

"ಯಾಕಪ್ಪ? ಬ್ಯಾಂಕಲ್ಲಿ ದುಡ್ಡಿದ್ರೆ ಮಾತ್ರ ನಾನು ಕಾರ್ಡು ಹೊರಗೆ ತೆಗೆಯೋದು. ಬಿಲ್ಲು ಬಂದ ವಾರದಲ್ಲೇ ಪೂರ್ತಿ ಕಟ್ಟಿಬಿಡ್ತೀನಿ. ಪೂರ್ತಿ ಅಂದ್ರೆ ಪೂರ್ತಿ. ಅಂಗಿಗೆ ಒಂದು ಗುಂಡಿ ಹಾಕಿ, ಮಿಕ್ಕ ನಾಲ್ಕು ನಿಧಾನಕ್ಕೆ ಹಾಕ್ತೀನಿ ಅಂದ್ರೆ ನೀನು ಸುಮ್ನಿರ್ತೀಯಾ?"

ಹೀಗೆ ಕಟ್ಟುವವಳಿಗೆ ಈವರೆಗೆ ಒಂದು ಕಾಸು ಬಡ್ಡಿ ಬಿದ್ದಿಲ್ಲವಂತೆ. ಸುರುವಿನಲ್ಲಿ ಒಮ್ಮೆ ತಾರೀಖು ಮರೆತು ದಂಡ ತೆತ್ತಿದ್ದಳಂತೆ. ಅಂದಿನಿಂದ ತಾರೀಖನ್ನು ಹೊಲಿಗೆ ಯಂತ್ರದ ಮೇಲೇ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾಳಂತೆ. ಇಷ್ಟು ಹೇಳಿ ಅವಳು ಹೊಸ ಗಾಜಿನಲ್ಲಿ ಮೊದಲ ಏಟಿಗೇ ದಾರ ಪೋಣಿಸಿ ಎದ್ದು ಹೋದಳು. ಬುಡ್ಡಣ್ಣನಿಗೆ ಯಾರೋ ತನ್ನನ್ನೇ ಪೋಣಿಸಿ ಎಳೆದಂತಾಯಿತು.

ಬುಧವಾರ ಮಧ್ಯಾಹ್ನ ಅಂಗಡಿ ಖಾಲಿ. ಬುಡ್ಡಣ್ಣ ಬಾಗಿಲ ಪರದೆ ಎಳೆದು, ಹಿಂದಿನ ಕೋಣೆಯತ್ತ ಒಮ್ಮೆ ಕಳ್ಳನೋಟ ಹಾಯಿಸಿ, ಕಬ್ಬಿಣದ ಫ್ರೇಮನ್ನು ತನ್ನದೇ ಮೂಗಿಗೆ ಏರಿಸಿ, ಎರಡು ನಂಬರಿನ ಗಾಜು ಸಿಕ್ಕಿಸಿದ. ಮಂಜಿನಂತಿದ್ದ ಪುಟದಲ್ಲಿ ಅಕ್ಷರಗಳು ಒಂದೊಂದೇ ಎದ್ದು ನಿಂತವು. ಅವುಗಳಲ್ಲಿ ಒಂದಾದರೂ ಅವನ ಕಡೆಯದಾಗಿರಲಿಲ್ಲ. ಸಾಲಿನ ಕೆಳಗೆ ಸಾಲು, ಸಾಲಿನ ತುಂಬ ಸಾಲ. ತಡವಾದರೆ ದಂಡ, ಮಿತಿ ಮೀರಿದರೆ ದಂಡ, ಬಡ್ಡಿಯಿಲ್ಲದ ಕಂತು ಎಂದರೆ ಅದಕ್ಕೆ 'ನಿರ್ವಹಣಾ ಶುಲ್ಕ'. ಕಂತಿನಲ್ಲಿ ಕೊಂಡವನು ಕಂತಿಯೇ ಹೋಗಬೇಕೆಂದು ಕಾಣುತ್ತದೆ ಎಂದುಕೊಂಡ. ಒಂಬತ್ತನೇ ಪುಟದವರೆಗೆ ಬಂದ. ಮುಂದೆ ಓದುವ ಧೈರ್ಯವಾಗದೆ ಮುಚ್ಚಿಟ್ಟ. ಬಡ್ಡಿಯ ಬಾಯಿಗೆ ಬಿದ್ದು ಬುಡ್ಡಣ್ಣ ಬಡ್ಡಣ್ಣನಾಗುವುದು ಅವನಿಗೆ ಆ ಎರಡರ ಗಾಜಿನಲ್ಲಿ ನಿಚ್ಚಳವಾಗಿ ಕಂಡಿತ್ತು.

ಈಗ ಬಿದ್ದ ಫಜೀತಿ ಬೇರೆ. ಯಂತ್ರ ಬೇಡವೆಂದು ಮನಸ್ಸಿಗೆ ಗೊತ್ತಾಗಿದೆ, ಬಾಯಿಗೆ ಹೇಳುವವರು ಯಾರು? ಬೀದಿಗೆಲ್ಲ ಸಾರಿದ ಮಾತು ನುಂಗಿದರೆ ಮರ್ಯಾದೆ ಎಲ್ಲಿ ಉಳಿಯಿತು? ಹೆಂಡತಿ ಒಮ್ಮೆ ಕೂಗಾಡಿದರೆ ಸಾಕಿತ್ತು. ಅವಳ ಕಾಟಕ್ಕೆ ಕೈಬಿಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಅದಕ್ಕೇ ಗುರುವಾರ ಊಟ ಮಾಡುತ್ತ, ಇವತ್ತೇ ಕಾರ್ಡು ಉಜ್ಜುತ್ತೇನೆ ನೋಡು ಎಂದು ಕೆಣಕಿದ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಬೇಡವೆಂದಾಗೆಲ್ಲ ಸಿಕ್ಕಿದ್ದ ಜಗಳ, ಬೇಕೆಂದ ದಿನ ಸಿಗಲಿಲ್ಲ.

"ನಾನು ಹೇಳೋದೆಲ್ಲ ಹೇಳಿ ಆಯ್ತು," ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ. "ಇನ್ನು ನಿಮ್ಮಿಷ್ಟ ಕಣ್ರೀ."

ಅವಳು ಕಲಸಿದ ತುತ್ತು ಬಾಯಿಗೆ ಹೋಗದೆ ತಟ್ಟೆಯಲ್ಲೇ ಸುತ್ತುತ್ತಿದ್ದುದನ್ನು ಕನ್ನಡಕವಿಲ್ಲದೆಯೂ ಬುಡ್ಡಣ್ಣ ನೋಡಿದ.

ನಾಲ್ಕು ಹೊಡೆಯುವುದಕ್ಕೂ ಟೈ ಕಟ್ಟಿದವನು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಬಗಲಲ್ಲಿ ಕರಾರು ಪತ್ರ, ಕೈಯಲ್ಲಿ ಕಾರ್ಡು ಉಜ್ಜುವ ಪುಟ್ಟ ಯಂತ್ರ. ಬುಡ್ಡಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟ. ಬೆರಳು ಮಾತ್ರ ಅದರ ಮೇಲಿಂದ ಏಳಲೊಲ್ಲದು. ಟೈಯವನು ಮೊತ್ತ ಒತ್ತಲು ಹೋಗಿ, ಯಂತ್ರವನ್ನು ಮುಖದ ಹತ್ತಿರ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು, ಒಂದು ಸೊನ್ನೆ ಹೆಚ್ಚಾಯಿತೆಂದು ಅಳಿಸಿ, ಕಣ್ಣು ಕಿರಿದು ಮಾಡಿ ಮತ್ತೆ ಒತ್ತತೊಡಗಿದ.

ಬುಡ್ಡಣ್ಣನೊಳಗಿನ ಸಾಲಗಾರ ನಡುಗುತ್ತಿದ್ದರೂ ಕನ್ನಡಕದವನು ಎದ್ದು ಕೂತ.

"ಸಾರ್, ಎಷ್ಟು ದಿನದಿಂದ ಹೀಗೆ?" ಎಂದ.

ಆರು ತಿಂಗಳಿಂದ ಎಂದ ಟೈಯವನು, ತುಸು ನಾಚಿ. ಅಳಿಸಿ ಒತ್ತಿ ಸಾಕಾಗಿದೆಯಂತೆ, ಡಾಕ್ಟರ ಹತ್ತಿರ ಹೋಗಲು ಪುರಸೊತ್ತಿಲ್ಲವಂತೆ. ಬುಡ್ಡಣ್ಣ ಅವನ ಭುಜ ಹಿಡಿದು ಕುರ್ಚಿಗೆ ಕೂರಿಸಿದ. ತನಗೆ ಬೇಕಿದ್ದುದು ಐದು ನಿಮಿಷದ ಬಿಡುವು. ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ. ಕೈಗೆ ಸಿಕ್ಕ ಪುಸ್ತಿಕೆಯನ್ನು ಎಲ್ಲಿಗೆಂದರಲ್ಲಿಗೆ ತೆರೆದು, ಎಲ್ಲಕ್ಕಿಂತ ಸಣ್ಣದು ಯಾವುದೋ ಅದನ್ನು ಓದಿ ಎಂದ. ಪುಟದ ಅಡಿಯಲ್ಲಿ ಇರುವೆ ಸಾಲಿನಂಥದೊಂದು ನಿಯಮವಿತ್ತು.

ಆರು ತಿಂಗಳ ಮೇಲೆ ಅಕ್ಷರ ಕಂಡ ಹುರುಪಿಗೆ ಟೈಯವನು ಗಂಟಲು ಬಿಚ್ಚಿ, ಹಿಂದಿನ ಕೋಣೆಗೂ ಕೇಳುವಂತೆ ಓದಿದ:

"ಈ ಕಾರ್ಡು ಸದಸ್ಯರ ವೈಯಕ್ತಿಕ ಹಾಗೂ ಗೃಹಬಳಕೆಯ ಖರೀದಿಗೆ ಮಾತ್ರ. ಅಂಗಡಿ, ವ್ಯಾಪಾರ ಅಥವಾ ವೃತ್ತಿಗೆ ಬೇಕಾದ ಯಂತ್ರೋಪಕರಣಗಳ ಖರೀದಿಗೆ ಬಳಸತಕ್ಕದ್ದಲ್ಲ. ಬಳಸಿದಲ್ಲಿ ಕಾರ್ಡನ್ನು ರದ್ದುಪಡಿಸಿ ಪೂರ್ಣ ಬಾಕಿಯನ್ನು ಒಂದೇ ಗಂಟಿನಲ್ಲಿ ವಸೂಲು ಮಾಡಲಾಗುವುದು."

ಕಣ್ಣಿಗೆ ಕಂಡದ್ದು ತಲೆಗೆ ಹೋಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಬುಡ್ಡಣ್ಣನಿಗೆ ಅಷ್ಟೂ ಬೇಕಾಗಲಿಲ್ಲ. ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಉಸಿರು ಹೊಟ್ಟೆಯ ತಳದವರೆಗೂ ಇಳಿಯಿತು. ಮುಖವನ್ನು ಮಾತ್ರ ಹೆಣ ಎತ್ತಿದ ಮನೆಯಂತೆ ಮಾಡಿಕೊಂಡು, ಎಂಥ ಕೆಲಸ ಆಗಿಹೋಯಿತು ಎಂದು ತಲೆಯ ಮೇಲೆ ಕೈ ಹೊತ್ತ.

ಟೈಯವನು ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಇದನ್ನೆಲ್ಲ ಯಾರು ನೋಡುತ್ತಾರೆ, ಬಿಲ್ಲಿನಲ್ಲಿ ಮನೆಬಳಕೆಗೆ ಎಂದು ಬರೆದರಾಯಿತು ಎಂದ.

ಸಾಣೆ ನಿಂತಿತು. ಹೆಂಡತಿ ಸೆರಗಿನಲ್ಲಿ ಕೈಯ ಗಾಜಿನ ಪುಡಿ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಮನೇಲಿರೋದು ನಾವಿಬ್ರೇ ಸಾರ್," ಎಂದಳು. "ನಾಲ್ಕು ಕಣ್ಣಿಗೆ ಅಷ್ಟು ದೊಡ್ಡ ಮಷೀನು ಅಂದ್ರೆ ಬ್ಯಾಂಕಿನವರು ನಂಬ್ತಾರಾ?"

ಹೇಳುತ್ತಿದ್ದವಳ ತುಟಿಯಂಚು ಅದುರುತ್ತಿತ್ತು. ಹದಿನೇಳು ವರ್ಷದ ಬಾಕಿ ನಿದ್ದೆ ಅವಳಿಗೆ ಅಲ್ಲಿಯೇ, ನಿಂತಲ್ಲಿಯೇ ಬಂದುಬಿಡುವಂತಿತ್ತು. ಬುಡ್ಡಣ್ಣ ಅವಳನ್ನು ನೋಡಲು ಹೋಗಲಿಲ್ಲ. ನೋಡಿದ್ದರೆ ಕಷ್ಟಪಟ್ಟು ಕಟ್ಟಿದ ಶೋಕ ಕುಸಿದು ಬೀಳುತ್ತಿತ್ತು. ಹುಟ್ಟಿದಾರಭ್ಯ ಒಂದು ನಿಯಮಕ್ಕೂ ಮರ್ಯಾದೆ ಕೊಡದವನು ಮೇಜಿನ ಮೇಲಿನ ಕಾರ್ಡನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಕಾನೂನಿನ ಮುಂದೆ ತಲೆಬಾಗಿದ.

"ನಂಗೇನೋ ತುಂಬಾ ಆಸೆ ಇತ್ತು ಸಾರ್. ಆದ್ರೆ ಏನ್ಮಾಡೋದು, ನಿಯಮ. ನೀವೇ ಓದಿದ್ರಲ್ಲ."